ಲೆಕ್ಕ ಪೋರ್ಟಲ್‌ನಲ್ಲಿದೆ, ಬೀದಿಗೆ ಬರೋದು ಹೇಗೆ?

ಒಂದು ಚರಂಡಿಯಿಂದ ಶುರು ಮಾಡೋಣ. ಯಾವುದೋ ಊರಿನ ಬಡವರ ಬೀದಿಯೊಂದರಲ್ಲಿ 120 ಮೀಟರ್ ಉದ್ದದ ಚರಂಡಿ ಕಟ್ಟಿದ್ದಾರೆ ಅಂದುಕೊಳ್ಳಿ. ಅಂಥ ಚರಂಡಿ ಎರಡು ಕಡೆ ಇರುತ್ತೆ, ನೆಲದ ಮೇಲೊಂದು, ಫೈಲಿನಲ್ಲೊಂದು. ಫೈಲಿನಲ್ಲಿ ಅದರ ಅಂದಾಜು ಪಟ್ಟಿ ಇದೆ, ಟೆಂಡರ್ ಇದೆ, ವರ್ಕ್ ಆರ್ಡರ್ ಇದೆ, ಎಂಜಿನಿಯರ್ ಅಳತೆ ಬರೆದ ಎಂ.ಬಿ. ಪುಸ್ತಕ ಇದೆ, ಕೊನೆಗೆ ದುಡ್ಡು ಕೊಟ್ಟ ಬಿಲ್ಲೂ ಇದೆ. ನೆಲದ ಮೇಲಿನ ಚರಂಡಿಯ ಬಗ್ಗೆ ಅಲ್ಲಿಯ ಜನಕ್ಕೆ ಎಲ್ಲಾ ಗೊತ್ತು. ಮಳೆ ಬಂದರೆ ಯಾರ ಮನೆಗೆ ನೀರು ನುಗ್ಗುತ್ತೆ, ಎಲ್ಲಿ ಚಪ್ಪಡಿ ಹಾಕಿಲ್ಲ, ಕೆಲಸ ಎಷ್ಟು ದಿನ ನಡೀತು, ಯಾವ ಮನೆಯ ಮುಂದೆ ನಿಂತುಹೋಯ್ತು, ಎಲ್ಲವೂ.

ಆದರೆ ಬೀದಿಯ ಜನ ಫೈಲ್ ನೋಡಿಲ್ಲ, ಫೈಲ್ ಬರೆದವರು ಮಳೆಗಾಲದಲ್ಲಿ ಆ ಬೀದಿ ನೋಡಿಲ್ಲ. ಸಾರ್ವಜನಿಕ ಮಾಹಿತಿಯನ್ನು ಬಡ ಬಡಾವಣೆಗಳಿಗೆ ತಲುಪಿಸೋದು ಅಂದರೆ ಈ ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಎದುರುಬದುರು ನಿಲ್ಲಿಸೋದು. ಫೈಲನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಿದರೆ ಆ ಕೆಲಸದ ಒಂದು ಭಾಗ ಮಾತ್ರ ಮುಗೀತು. ಉಳಿದ ಭಾಗದಲ್ಲಿ ಎಂಜಿನಿಯರಿಂಗ್ ಓದುವವರಿಗೆ ಮಾಡೋಕೆ ಬೇಕಾದಷ್ಟು ಕೆಲಸ ಇದೆ. ಅದಕ್ಕೇ ಈ ಲೇಖನ.

ಸುಂದರ್ ನಗರಿಯ 68 ಕಾಮಗಾರಿಗಳು

ಫೈಲೂ ಬೀದಿಯೂ ಮುಖಾಮುಖಿಯಾದರೆ ಏನಾಗುತ್ತೆ ಅನ್ನೋದಕ್ಕೆ ದೆಹಲಿಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಸುಂದರ್ ನಗರಿ ಮತ್ತು ನ್ಯೂ ಸೀಮಾಪುರಿ ಅಲ್ಲಿಯ ಪುನರ್ವಸತಿ ಬಡಾವಣೆಗಳು. ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೂ ಮುಂಚೆ ಕೆಲವು ರಾಜ್ಯಗಳಲ್ಲಿ ಅವವೇ ಕಾಯ್ದೆಗಳಿದ್ದವು. ಕರ್ನಾಟಕ 2000ದಲ್ಲಿ, ದೆಹಲಿ 2001ರಲ್ಲಿ ಮಾಡಿಕೊಂಡಿದ್ದವು. ಆ ದೆಹಲಿ ಕಾಯ್ದೆಯಡಿ 'ಪರಿವರ್ತನ್' ಅನ್ನೋ ಸಂಘಟನೆ ಈ ಎರಡು ಬಡಾವಣೆಗಳಲ್ಲಿ ನಗರಪಾಲಿಕೆ ಮಾಡಿಸಿದ 68 ಕಾಮಗಾರಿಗಳ ದಾಖಲೆಗಳ ಪ್ರತಿ ಪಡೆಯಿತು. ಎಲ್ಲಾ ಸೇರಿ ಸುಮಾರು 1.3 ಕೋಟಿ ರೂಪಾಯಿಯ ಕೆಲಸ.

ಆ ಕಾಗದಗಳನ್ನು ಅವರು ಪತ್ರಿಕೆಗೆ ಕೊಟ್ಟು ಸುಮ್ಮನಾಗಲಿಲ್ಲ. ಬೀದಿಬೀದಿಗೆ ಹೋಗಿ, ಜನರನ್ನು ಸೇರಿಸಿ, ಆಯಾ ಬೀದಿಯ ಲೆಕ್ಕವನ್ನು ಅಲ್ಲೇ ಓದಿ ಹೇಳಿದರು. ಇಲ್ಲಿ ಇಷ್ಟು ಉದ್ದದ ರಸ್ತೆ, ಇಷ್ಟು ಕಬ್ಬಿಣದ ಜಾಲರಿ, ಇಂಥ ಕಡೆ ಕೈಪಂಪು ಅಂತ. ಕೇಳಿದವರು ತಿರುಗಿ ನೋಡಿದರೆ ಸಾಕಿತ್ತು, ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತು. 2002ರ ಡಿಸೆಂಬರ್ 14ರಂದು ಸಾರ್ವಜನಿಕ ವಿಚಾರಣೆ ನಡೆಯಿತು. ಒಂದೊಂದೇ ಕಾಮಗಾರಿಯನ್ನು ಓದಿದಂತೆ ಆ ಬೀದಿಯವರೇ ಎದ್ದು ಸಾಕ್ಷಿ ಹೇಳಿದರು. 68ರಲ್ಲಿ 64 ಕಾಮಗಾರಿಗಳ ಲೆಕ್ಕ ನೆಲದ ಮೇಲಿನ ವಸ್ತುಗಳಿಗೆ ಹೊಂದಲಿಲ್ಲ. 1.3 ಕೋಟಿಯಲ್ಲಿ ಸುಮಾರು 70 ಲಕ್ಷ ರೂಪಾಯಿಯಷ್ಟು ಬಾಬ್ತುಗಳು ಕಾಗದದಲ್ಲಿ ಮಾತ್ರ ಇದ್ದವು.

ಈ ವಿಧಾನ ದೆಹಲಿಯಲ್ಲಿ ಹುಟ್ಟಿದ್ದಲ್ಲ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ರಾಜಸ್ಥಾನದಲ್ಲಿ 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದಲೇ ಹಳ್ಳಿಗಳಲ್ಲಿ 'ಜನ ಸುನ್ವಾಯಿ' ಮಾಡುತ್ತಿತ್ತು. ಕೂಲಿ ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದೋದು ಅವರ ಕ್ರಮ. ಸತ್ತವರ ಹೆಸರಲ್ಲಿ, ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ ಬರೆದಿದ್ದರೆ ಊರಿನವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಅದನ್ನು ಕಂಡುಹಿಡಿಯೋಕೆ ಅಕ್ಷರ ಬರಬೇಕಾದ್ದೂ ಇಲ್ಲ, ಕಿವಿ ಇದ್ದರೆ ಸಾಕು.

ನಾಲ್ಕು ಬಾಗಿಲು

ಸುಂದರ್ ನಗರಿಯಲ್ಲಿ ಮಾಹಿತಿ ನಾಲ್ಕು ಬಾಗಿಲು ದಾಟಿತು. ಮೊದಲನೆಯದು, ದಾಖಲೆ ಕೈಗೆ ಸಿಕ್ಕಿತು. ಎರಡನೆಯದು, ಅದು ಜನರಿಗೆ ಅರ್ಥವಾಗುವ ಮಾತಿಗೆ ಇಳಿಯಿತು. ಮೂರನೆಯದು, ಇಡೀ ನಗರದ ಮೊತ್ತವಾಗಿ ಉಳಿಯದೆ 'ನಮ್ಮ ಬೀದಿಯ ಲೆಕ್ಕ' ಆಯಿತು. ನಾಲ್ಕನೆಯದು, ಪ್ರಶ್ನೆ ಕೇಳೋಕೆ ಒಂದು ಸಭೆ ಇತ್ತು, ಉತ್ತರ ಕೊಡಬೇಕಾದವರು ಯಾರು ಅಂತ ಎಲ್ಲರಿಗೂ ತಿಳಿಯಿತು.

ಈಗ ನಮ್ಮ ಕಣ್ಣ ಮುಂದಿನ ಪೋರ್ಟಲ್‌ಗಳನ್ನು ಇದೇ ನಾಲ್ಕು ಬಾಗಿಲಿನಲ್ಲಿ ನಿಲ್ಲಿಸಿ ನೋಡಿ. ಮೊದಲ ಬಾಗಿಲಲ್ಲೇ ಎಷ್ಟೋ ಸಿಕ್ಕಿಹಾಕಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹುಡುಕೋಕೆ ಬರಲ್ಲ. ಕನ್ನಡದ ಹಳೇ ಫೈಲಾದರೆ ಇನ್ನೊಂದು ತಾಪತ್ರಯ. ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಏನು ಬರುತ್ತೆ ಅಂತ ನಮ್ಮ ಕ್ಲಬ್ಬಿನಲ್ಲಿ ಟೈಪಿಂಗ್ ಮಾಡಿದವರಿಗೆಲ್ಲ ಗೊತ್ತು. ಅಕ್ಷರಗಳ ಜಾತ್ರೆ. ಊರಿನ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಆ ಫೈಲ್ ಸಿಗೋದೇ ಇಲ್ಲ. ಕಾನೂನಿನ ಪ್ರಕಾರ ಮಾಹಿತಿ ಪ್ರಕಟವಾಗಿದೆ, ಬಳಕೆಗೆ ಮಾತ್ರ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆಯ ಡಿಜಿಟಲ್ ಅವತಾರ ಇದು.

ಎರಡನೇ ಬಾಗಿಲು ಭಾಷೆಯದು. ಇಂಗ್ಲಿಷ್ ಬಿಟ್ಟು ಕನ್ನಡ ಮಾಡಿದರೆ ಮುಗೀತು ಅಂದುಕೊಳ್ಳಬೇಡಿ. ಕಚೇರಿಯ ಕನ್ನಡವೇ ಒಂದು ಗೋಡೆ. 'ಕಾಮಗಾರಿಯ ಭೌತಿಕ ಹಾಗೂ ಆರ್ಥಿಕ ಪ್ರಗತಿ' ಅಂದರೆ ಏನು? ಎಷ್ಟು ಕೆಲಸ ಆಗಿದೆ, ಎಷ್ಟು ದುಡ್ಡು ಹೋಗಿದೆ, ಅಷ್ಟೇ. ಹಾಗೇ ಹೇಳಿದರೆ ಯಾರಿಗೆ ತಾನೇ ಅರ್ಥವಾಗಲ್ಲ?

ತೆರೆದಿಟ್ಟರೆ ಯಾರಿಗೆ ಲಾಭ?

"ಸರಿ, ಮೊದಲು ಎಲ್ಲಾ ಡೇಟಾ ಆನ್‌ಲೈನ್ ಬರಲಿ, ಬೇಕಾದವರು ಬಳಸಿಕೊಳ್ತಾರೆ" ಅಂತ ನಮ್ಮಲ್ಲಿ ಹಲವರು ವಾದಿಸುತ್ತೇವೆ. ಈ ವಾದಕ್ಕೆ ಅಡ್ಡ ಬರುವ ಒಂದು ಉದಾಹರಣೆ ನಮ್ಮ ರಾಜ್ಯದ್ದೇ. ಅದು 'ಭೂಮಿ' ಯೋಜನೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕೇಂದ್ರದ ಕಿಯಾಸ್ಕ್‌ನಲ್ಲಿ ಆಗಿನ ದರದಂತೆ 15 ರೂಪಾಯಿಗೆ ಪಹಣಿ ಕೊಡುವ ವ್ಯವಸ್ಥೆ ಬಂತು. ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತರಿಗೆ ಇದರಿಂದ ಅನುಕೂಲ ಆಯಿತು. ಇಡೀ ದೇಶಕ್ಕೆ ಮಾದರಿ ಅಂತ ಹೆಸರೂ ಬಂತು.

ಆದರೆ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ದಾಖಲೆಗಳೆಲ್ಲ ಒಂದೇ ಕಡೆ, ಸುಲಭವಾಗಿ ಸಿಗುವಂತಾದಾಗ ಅದರ ದೊಡ್ಡ ಉಪಯೋಗ ಪಡೆದವರು ಬೆಂಗಳೂರಿನ ಸುತ್ತಮುತ್ತ ಜಮೀನು ಹುಡುಕುತ್ತಿದ್ದ ಬಲಾಢ್ಯರು ಅನ್ನೋದು ಅವರ ವಾದ. ದಾಖಲೆಯಲ್ಲಿ ಎಲ್ಲಿ ತಪ್ಪಿದೆ, ಎಲ್ಲಿ ಹಕ್ಕು ಸಡಿಲವಾಗಿದೆ ಅಂತ ಪತ್ತೆಮಾಡೋಕೆ ಅವರ ಬಳಿ ವಕೀಲರಿದ್ದರು, ದುಡ್ಡಿತ್ತು, ಸಮಯವೂ ಇತ್ತು. ಚೂರುಪಾರು ಜಮೀನಿನ ರೈತರ ಬಳಿ ಇದ್ಯಾವುದೂ ಇರಲಿಲ್ಲ. ಕೆನಡಾದ ವಿದ್ವಾಂಸ ಮೈಕೆಲ್ ಗರ್ಸ್ಟೀನ್ 2011ರ ತಮ್ಮ ಲೇಖನದಲ್ಲಿ ಇದೇ ಅಧ್ಯಯನವನ್ನು ಹಿಡಿದು ಒಂದು ಪ್ರಶ್ನೆ ಎತ್ತಿದರು. ಮುಕ್ತ ಡೇಟಾ ಈಗಾಗಲೇ ಬಲವಿರುವವರಿಗೇ ಇನ್ನಷ್ಟು ಬಲ ಕೊಡುತ್ತಿದೆಯೇ ಎಂದು.

ಹಾಗಂತ ದಾಖಲೆಗಳನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು ಅಂತ ಅಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನೋದೂ, ಎಲ್ಲರೂ ಒಳಗೆ ಬರಬಲ್ಲರು ಅನ್ನೋದೂ ಬೇರೆ ಬೇರೆ. ಲ್ಯಾಪ್‌ಟಾಪ್, ಇಂಗ್ಲಿಷ್, ಬಿಡುವು ಮತ್ತು ಕಚೇರಿಯಲ್ಲಿ ಪರಿಚಯ ಇರುವವರು ನಾಲ್ಕೂ ಬಾಗಿಲನ್ನು ತಾವೇ ದಾಟುತ್ತಾರೆ. ಇವು ಇಲ್ಲದವರಿಗೆ ಯಾರಾದರೂ ಜೊತೆಯಲ್ಲಿ ನಡೆಯಬೇಕು.

ಎರಡು ಟೇಬಲ್ ಸೇರಿಸಿದರೆ

ಜೊತೆಯಲ್ಲಿ ನಡೆಯೋದರಲ್ಲಿ ತಾಂತ್ರಿಕ ಕೌಶಲಕ್ಕೂ ದೊಡ್ಡ ಪಾತ್ರ ಇದೆ. ಇದಕ್ಕೆ ಅಮೆರಿಕದ ಒಹಾಯೋ ರಾಜ್ಯದ ಒಂದು ಪ್ರಕರಣ ನೋಡಬೇಕು, ಯಾಕೆಂದರೆ ಅಲ್ಲಿ ಒಂದು ನಕ್ಷೆಯೇ ಸಾಕ್ಷಿಯಾಯಿತು. ಝೇನ್ಸ್‌ವಿಲ್ ನಗರದ ಅಂಚಿನಲ್ಲಿ ಕೋಲ್ ರನ್ ಅನ್ನೋ ಪ್ರದೇಶ. ಬಹುತೇಕ ಕಪ್ಪು ಜನರ ಮನೆಗಳು. ಸುತ್ತ ಕಲ್ಲಿದ್ದಲು ಗಣಿಗಾರಿಕೆಯಿಂದ ಬಾವಿ ನೀರು ಕೆಟ್ಟಿತ್ತು. ದಶಕಗಳ ಕಾಲ ಅವರು ಮಳೆ ನೀರು ಹಿಡಿದು, ದೂರದಿಂದ ಹೊತ್ತು ತಂದು ಬದುಕಿದರು. ಹತ್ತಿರದ ಬಿಳಿಯರ ಮನೆಗಳಿಗೆ ಮಾತ್ರ ನಲ್ಲಿ ನೀರು ಬರುತ್ತಿತ್ತು.

ತಾರತಮ್ಯ ಆಗಿದೆ ಅಂತ ನಿವಾಸಿಗಳು ಹೇಳಿದರೆ, ಇಲ್ಲ ಅಂತ ಆಡಳಿತದವರು ಹೇಳಬಹುದು. ಹಾಗಾಗಿ ಅವರ ಪರ ಕೆಲಸ ಮಾಡಿದ ತಜ್ಞರು ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ, ಯಾವ ಮನೆಗೆ ಸಂಪರ್ಕ ಇದೆ ಅನ್ನೋ ದಾಖಲೆಯನ್ನೂ, ಯಾವ ಮನೆಯಲ್ಲಿ ಯಾವ ಜನಾಂಗದವರಿದ್ದಾರೆ ಅನ್ನೋದನ್ನೂ ಒಂದೇ ನಕ್ಷೆಯ ಮೇಲೆ ಇಟ್ಟರು. ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಬರೆಯುವ ಜಾಯಿನ್ ಇದೇ. ಎರಡೂ ಬೇರೆ ಬೇರೆ ಇದ್ದಾಗ ಏನೂ ಹೇಳದ ಮಾಹಿತಿ, ಒಟ್ಟಿಗೆ ಬಂದಾಗ ಪೈಪು ಎಲ್ಲಿ ನಿಂತಿದೆ, ಯಾರ ಮನೆಯ ಹತ್ತಿರ ನಿಂತಿದೆ ಅಂತ ತೋರಿಸಿತು. 2008ರಲ್ಲಿ ಜ್ಯೂರಿ 67 ಅರ್ಜಿದಾರರಿಗೆ ಸುಮಾರು 1.09 ಕೋಟಿ ಡಾಲರ್ ಪರಿಹಾರ ಕೊಡುವಂತೆ ತೀರ್ಪು ನೀಡಿತು.

ನಮ್ಮ ವಾರ್ಡ್‌ಗಳಲ್ಲಿ ನೀರು ಬಿಡುವ ದಿನ, ಕಸದ ಗಾಡಿ ಬರುವ ಬೀದಿ, ಬೀದಿದೀಪದ ಕಂಬ ಇವುಗಳನ್ನು ಬಡಾವಣೆವಾರು ಪಕ್ಕಪಕ್ಕ ಇಟ್ಟು ನೋಡಿದರೆ ಏನು ಕಾಣಬಹುದು? ಯೋಚಿಸಿ ನೋಡಿ.

ಪಟ್ಟಿಯಲ್ಲೇ ಇಲ್ಲದವರು

ಇಷ್ಟೆಲ್ಲಾ ಆದರೂ ಒಂದು ತೊಡಕು ಉಳಿಯುತ್ತೆ. ಎಷ್ಟೋ ಕಡೆ ಬಡವರ ಬೀದಿಯ ಡೇಟಾವೇ ಇರೋದಿಲ್ಲ. ಕರ್ನಾಟಕದಲ್ಲಿ ಕೊಳಗೇರಿಗಳಿಗೆ 1973ರ ಕಾಯ್ದೆ ಇದೆ. ಅದರಡಿ ಘೋಷಣೆಯಾದ ಪ್ರದೇಶಕ್ಕೆ ಪಟ್ಟಿಯಲ್ಲಿ ಜಾಗ ಸಿಗುತ್ತೆ. ಘೋಷಣೆಯಾಗದ ಗುಡಿಸಲು ಸಾಲು ನೆಲದ ಮೇಲೆ ಇದ್ದರೂ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯನ್ನು ನಂಬಿ ನಕ್ಷೆ ಮಾಡಿದರೆ ನಮ್ಮ ನಕ್ಷೆಯಲ್ಲೂ ಅವರು ಇರಲ್ಲ.

ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರ ಕಥೆ ಇದೇ ಆಗಿತ್ತು. 1985ರಲ್ಲಿ ಅವರನ್ನು ತೆರವು ಮಾಡುವ ಭೀತಿ ಎದುರಾದಾಗ ಸ್ಪಾರ್ಕ್ ಸಂಸ್ಥೆ ಅಲ್ಲಿಯ ನಿವಾಸಿಗಳ ಜೊತೆ ಸೇರಿ ಸುಮಾರು 6,000 ಕುಟುಂಬಗಳ ಗಣತಿ ಮಾಡಿತು. ಆ ವರದಿಯ ಹೆಸರಿನ ಅರ್ಥ 'ನಾವು, ಕಣ್ಣಿಗೆ ಕಾಣದವರು' ಅಂತ. ಜನರೇ ತಮ್ಮ ಲೆಕ್ಕ ತಾವು ಹಾಕಿಕೊಳ್ಳುವ ಈ ಪದ್ಧತಿ ಆಮೇಲೆ ಬೇರೆ ನಗರಗಳಿಗೂ ಹಬ್ಬಿತು. ಬೀದಿಯವರ ಅನುಭವವೂ ಡೇಟಾನೇ ಅನ್ನೋದಕ್ಕೆ ಬೆಂಗಳೂರಿನಲ್ಲೂ ಒಂದು ಹಳೆಯ ಪ್ರಯೋಗ ಇದೆ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ನಗರದ ಸೇವಾ ಸಂಸ್ಥೆಗಳಿಗೆ ನಾಗರಿಕರಿಂದಲೇ 'ರಿಪೋರ್ಟ್ ಕಾರ್ಡ್' ಕೊಡಿಸಿದರು. ನಮಗೆ ಸೆಮಿಸ್ಟರ್‌ಗೊಮ್ಮೆ ಬರುವ ಅಂಕಪಟ್ಟಿಯ ಹಾಗೆ. ಆ ಸಮೀಕ್ಷೆಯಲ್ಲಿ ಕೊಳಗೇರಿ ನಿವಾಸಿಗಳನ್ನೂ ಕೇಳಿದ್ದರು.

ಕಾನೂನು ಏನು ಹೇಳುತ್ತೆ

ಮಾಹಿತಿ ಹಕ್ಕು ಅಂದರೆ ಅರ್ಜಿ ಹಾಕೋದು ಅಂತ ಮಾತ್ರ ನಮಗೆ ಗೊತ್ತು. 2005ರ ಕಾಯ್ದೆಯ 4ನೇ ಸೆಕ್ಷನ್ ಅದಕ್ಕಿಂತ ಮುಂದೆ ಹೋಗುತ್ತೆ. ಜನ ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಕಡಿಮೆ ಬರುವಂತೆ ಕಚೇರಿಗಳು ತಾವಾಗಿಯೇ ಮಾಹಿತಿ ಹೊರಗಿಡಬೇಕು. ಹೇಗೆ ಹೊರಗಿಡಬೇಕು ಅನ್ನೋದನ್ನೂ ಅದು ಹೇಳುತ್ತೆ. ಖರ್ಚು, ಸ್ಥಳೀಯ ಭಾಷೆ ಮತ್ತು ಆ ಪ್ರದೇಶದಲ್ಲಿ ಯಾವ ವಿಧಾನದಿಂದ ಚೆನ್ನಾಗಿ ತಲುಪುತ್ತೆ ಅನ್ನೋದನ್ನು ಗಮನಿಸಬೇಕು. ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಇಂಟರ್ನೆಟ್ ಎಲ್ಲವನ್ನೂ ಕಾಯ್ದೆ ಒಂದೇ ಸಾಲಿನಲ್ಲಿ ಹೆಸರಿಸಿದೆ. ಅಂದರೆ ಬೀದಿಯ ಗೋಡೆಯೂ ವೆಬ್‌ಸೈಟಿನಷ್ಟೇ ಅಧಿಕೃತ. ವೆಬ್‌ಸೈಟಿಗೆ ಹಾಕಿದ್ದೇವೆ ಅಂತ ಹೇಳಿ ಕೈತೊಳೆದುಕೊಳ್ಳೋದು ಕಾಯ್ದೆಯ ಉದ್ದೇಶ ಅಲ್ಲ.

ತಾನಾಗಿ ಸಿಗದಿದ್ದರೆ ಅರ್ಜಿ ಇದ್ದೇ ಇದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಬರೆಯಬೇಕು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ನಮ್ಮ ಸಿವಿಲ್ ಗೆಳೆಯರು ಗಮನಿಸಬೇಕಾದ ಇನ್ನೊಂದು ಅಂಶ ಇದೆ. ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆ ಕೊಡುತ್ತೆ.

34 ಚೀಲ ಸಿಮೆಂಟ್

ಈಗ ನಮ್ಮ ಕೈಯಲ್ಲಿ ಏನಾಗುತ್ತೆ ಅನ್ನೋದನ್ನು ನೋಡೋಣ. ಮೊದಲಿನ ಚರಂಡಿಗೇ ವಾಪಸ್ ಹೋಗಿ. ಅದರ ಅಂದಾಜು ಪಟ್ಟಿಯಲ್ಲಿ ಹೀಗೊಂದು ಸಾಲಿದೆ ಅಂದುಕೊಳ್ಳಿ: ತಳಕ್ಕೆ 1:2:4 ಕಾಂಕ್ರೀಟ್, 120 × 0.45 × 0.10 ಮೀಟರ್, ಒಟ್ಟು 5.4 ಘನ ಮೀಟರ್.

ಈ ಸಾಲನ್ನು ಆ ಬೀದಿಯಲ್ಲಿ ಓದಿದರೆ ಯಾರಿಗೂ ಏನೂ ಆಗಲ್ಲ. ಆದರೆ ನಾವು ಅದನ್ನು ಬಿಡಿಸಬಹುದು. 120 ಮೀಟರ್ ಅಂದರೆ ಸುಮಾರು 394 ಅಡಿ. 20 ಅಡಿ ಅಗಲದ ಸೈಟುಗಳ ಸಾಲಾದರೆ ಹತ್ತಿರಹತ್ತಿರ 20 ಮನೆ. ಅಂದರೆ ಚರಂಡಿ ಇಪ್ಪತ್ತನೇ ಮನೆವರೆಗೂ ಇರಬೇಕು. ಅಗಲ ಒಂದೂವರೆ ಅಡಿ, ದಪ್ಪ ನಾಲ್ಕು ಇಂಚು. ಸಿಮೆಂಟ್ ಎಷ್ಟು? ಎಸ್ಟಿಮೇಷನ್ ಕ್ಲಾಸಿನಲ್ಲಿ ಕಲಿತ ಹಾಗೆ ಒಣ ಪ್ರಮಾಣಕ್ಕೆ 1.54ರಿಂದ ಗುಣಿಸಿ, 7ರಲ್ಲಿ ಒಂದು ಪಾಲು ತೆಗೆದು, ಘನ ಮೀಟರಿಗೆ 1440 ಕೆಜಿಯಂತೆ ಲೆಕ್ಕ ಹಾಕಿದರೆ ಸುಮಾರು 1,710 ಕೆಜಿ. 50 ಕೆಜಿ ಚೀಲದಲ್ಲಿ 34 ಚೀಲ.

ಈಗ ಬೀದಿಯಲ್ಲಿ ನಿಂತು ಹೇಳಿ: "ಈ ಚರಂಡಿಯ ತಳಕ್ಕೇ 34 ಚೀಲ ಸಿಮೆಂಟ್ ಹೋಗಿರಬೇಕು, ಇಪ್ಪತ್ತನೇ ಮನೆವರೆಗೂ ಕಾಂಕ್ರೀಟ್ ಇರಬೇಕು." ಮನೆ ಮುಂದೆ ಕೂತು ಕೆಲಸ ನೋಡಿದ ಅಜ್ಜಿಗೆ ಎಷ್ಟು ಚೀಲ ಇಳಿಸಿದರು ಅನ್ನೋದು ನೆನಪಿರುತ್ತೆ. ಗಾರೆ ಕೆಲಸ ಮಾಡುವವರು ಅದೇ ಬೀದಿಯಲ್ಲಿ ಇರುತ್ತಾರೆ, ನಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಲೆಕ್ಕ ಸರಿಯಾಗಿಯೇ ಇದ್ದರೆ ಅದೂ ಒಳ್ಳೆಯ ಸುದ್ದಿ, ಸುಮ್ಮನೆ ಅನುಮಾನ ಪಡೋದು ತಪ್ಪುತ್ತೆ. ಘನ ಮೀಟರನ್ನು ಚೀಲಕ್ಕೆ, ಚೈನೇಜನ್ನು ಮನೆ ಸಂಖ್ಯೆಗೆ ಬದಲಿಸೋದೇ ಎರಡನೇ ಮತ್ತು ಮೂರನೇ ಬಾಗಿಲು ತೆಗೆಯೋದು. ಇದಕ್ಕೆ ಆ್ಯಪ್ ಬೇಕಿಲ್ಲ.

ಉಳಿದ ಬ್ರಾಂಚಿನವರಿಗೂ ಕೆಲಸ ಇದೆ. ಸಿಎಸ್, ಐಎಸ್‌ನವರು ಹಳೇ ಫಾಂಟಿನ ಫೈಲುಗಳನ್ನು ಯುನಿಕೋಡಿಗೆ ತಂದು, ಪಿಡಿಎಫ್‌ನಿಂದ ಕೋಷ್ಟಕ ತೆಗೆದು, ವಾರ್ಡಿನ ಹಾಳೆಯನ್ನು ಬೀದಿವಾರು ಒಡೆಯಬಹುದು. ಕನ್ನಡ ಕ್ಲಬ್ಬಿನವರು ಕಚೇರಿ ಕನ್ನಡವನ್ನು ಆಡುಮಾತಿಗೆ ತಂದು ಎರಡು ನಿಮಿಷದ ಆಡಿಯೋ ಮಾಡಬಹುದು, ಓದೋಕೆ ಬರದವರಿಗೂ ವಾಟ್ಸಾಪ್‌ನಲ್ಲಿ ಕೇಳಿಸಿಕೊಳ್ಳೋಕೆ ಆಗುತ್ತೆ. ಒಂದೇ ಒಂದು ದೊಡ್ಡ ಹಾಳೆ ಮುದ್ರಿಸಿ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ನೀರಿನ ಟ್ಯಾಂಕಿನ ಹತ್ತಿರ ಕೇಳಿ ಅಂಟಿಸಬಹುದು. ಜನ ಹೇಗೂ ಸೇರುವ ಜಾಗ ಅವು. ಮನೆಗೆಲಸ, ಕೂಲಿ ಮುಗಿಸಿ ಬರುವವರಿಗೆ ಬೆಳಗ್ಗೆ ಹನ್ನೊಂದರ ಸಭೆ ಆಗಿಬರಲ್ಲ. ಸಂಜೆಯೋ ಭಾನುವಾರವೋ ಇಟ್ಟುಕೊಳ್ಳಬೇಕು.

ನಾಲ್ಕನೇ ಬಾಗಿಲನ್ನು ಮಾತ್ರ ನಾವು ಅವರ ಪರವಾಗಿ ದಾಟೋಕೆ ಆಗಲ್ಲ. ಸಂವಿಧಾನದ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಸಭೆ ಯಾವಾಗ, ಎಲ್ಲಿ, ಯಾರನ್ನು ಕೇಳಬೇಕು ಅಂತ ತಿಳಿಸಿ, ಹಾಳೆ ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂರೋದು ನಮ್ಮ ಪಾಲು. ಮಾತಾಡೋದು ಅವರ ಪಾಲು. ನಾಳೆ ನಾವು ಪ್ಲೇಸ್‌ಮೆಂಟ್ ಆಗಿ ಹೋಗ್ತೀವಿ, ಆ ಬೀದಿಯಲ್ಲಿ ಉಳಿಯೋರು ಅವರು.

ಒಂದು ಎಚ್ಚರ

ಡೇಟಾ ಎರಡು ಕಡೆ ಹರಿಯುತ್ತೆ. ಘೋಷಣೆಯಾಗದ ಗುಡಿಸಲುಗಳನ್ನು ಮನೆಮನೆಯಾಗಿ ಗುರುತಿಸಿ ನಕ್ಷೆ ಹಾಕಿದರೆ ನಲ್ಲಿ ಕೇಳೋಕೂ ಅದು ಬರುತ್ತೆ, ತೆರವು ಮಾಡೋಕೂ ಬರುತ್ತೆ. ಹಾಗಾಗಿ ಪ್ರಕಟಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಅಲ್ಲಿ ವಾಸ ಮಾಡುವವರು. ಹೆಸರುಗಳ ವಿಷಯವೂ ಹಾಗೆಯೇ. ರಾಜಸ್ಥಾನದ ಸಭೆಯಲ್ಲಿ ಹಾಜರಿ ಪಟ್ಟಿಯ ಹೆಸರು ಓದಿದ್ದು ಅಕ್ಕಪಕ್ಕದವರ ಮುಂದೆ, ಒಂದು ಕೆಲಸಕ್ಕಾಗಿ, ಒಂದು ದಿನ. ಅದೇ ಪಟ್ಟಿಯನ್ನು ಫೋನ್ ನಂಬರ್, ಜಾತಿ, ಖಾತೆ ವಿವರದ ಸಮೇತ ಇಂಟರ್ನೆಟ್ಟಿಗೆ ಹಾಕಿದರೆ ಅದು ಲೋಕದ ಮುಂದೆ, ಯಾವ ಕೆಲಸಕ್ಕಾದರೂ, ಯಾವಾಗಲೂ. ಪಾರದರ್ಶಕವಾಗಿರಬೇಕಾದ್ದು ಕಚೇರಿಯ ಖರ್ಚು, ಬಡವರ ಖಾಸಗಿ ಬದುಕು ಅಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ಹ್ಯಾಕಥಾನ್‌ಗಳಲ್ಲಿ ನಾವು ಸಾಮಾನ್ಯವಾಗಿ ಸಿಕ್ಕ ಡೇಟಾಸೆಟ್‌ನಿಂದ ಶುರು ಮಾಡ್ತೀವಿ. ಇದರಿಂದ ಏನು ಮಾಡಬಹುದು ಅಂತ ಕೇಳಿ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಕಟ್ಟಿ, ಬಹುಮಾನ ತಗೊಂಡು ಬರ್ತೀವಿ. ಅದನ್ನು ತಿರುಗಿಸಿ ನೋಡಬಹುದು. ಹತ್ತಿರದ ಒಂದು ಬೀದಿಗೆ ಹೋಗಿ "ನಿಮ್ಮ ಬೀದಿಯ ಬಗ್ಗೆ ನಿಮಗೆ ತಿಳ್ಕೋಬೇಕು ಅನ್ಸಿರೋದು ಏನು?" ಅಂತ ಕೇಳೋದು. ನೀರು ಯಾಕೆ ನಾಲ್ಕು ದಿನಕ್ಕೊಮ್ಮೆ, ದೀಪದ ಕಂಬಕ್ಕೆ ಮಂಜೂರಾತಿ ಸಿಕ್ಕಿತ್ತಾ ಇಲ್ವಾ, ಹಕ್ಕುಪತ್ರದ ಅರ್ಜಿ ಯಾವ ಮೇಜಿನ ಮೇಲಿದೆ, ಏನೋ ಒಂದು ಬರುತ್ತೆ. ಆ ಒಂದು ಪ್ರಶ್ನೆಗೆ ಬೇಕಾದ ಒಂದು ಫೈಲ್ ಹುಡುಕಿ, ಬಿಡಿಸಿ, ಬೀದಿಗೆ ತಂದರೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಆಯಿತು.

ಅಂಥ ಪ್ರಾಜೆಕ್ಟಿಗೆ ಅಂಕ ಕೊಡುವ ದಿನ ತೀರ್ಪುಗಾರರ ಸಾಲಿನಲ್ಲಿ ಆ ಬೀದಿಯವರೊಬ್ಬರಿಗೂ ಒಂದು ಕುರ್ಚಿ ಹಾಕೋಣ. ಅವರಿಗೆ ಅರ್ಥವಾಯಿತಾ, ಅವರ ಕೆಲಸಕ್ಕೆ ಬಂತಾ ಅನ್ನೋದಕ್ಕಿಂತ ಕಷ್ಟದ ವೈವಾ ಇನ್ನೊಂದಿಲ್ಲ.